‘ಟೆಲ್, ಸರ್’ ಎಂದ ತಪ್ಪಿಗೆ

ಮುಂಬೈಗೆ ಬಂದು ಆರು ವರ್ಷವಾದ ಮೇಲೆ, ನಾನು ಒರಟು ಹೆಂಗಸು ಎಂದು ಒಂದು ಕಂಪ್ಯೂಟರು ನನಗೆ ತಿಳಿಸಿತು. ವಿನಯಕ್ಕೆ ಹತ್ತಕ್ಕೆ ಎರಡು.

ಚೆಂಬೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ರೋಗಿಗಳ ಹೆಸರು ಬರೆದುಕೊಂಡು ಚೀಟಿ ಕೊಡುವ ಕೌಂಟರ್ ನನ್ನದು. ಹೊಸ ಮ್ಯಾನೇಜ್‌ಮೆಂಟ್ ಎಲ್ಲರಿಗೂ ಇಂಗ್ಲಿಷ್ ಪರೀಕ್ಷೆ ಇಟ್ಟಿತು. ಕಿವಿಗೆ ಹೆಡ್‌ಫೋನ್ ಹಾಕಿ ಕೂರಿಸಿದರು. ರೋಗಿಯೊಬ್ಬರು ಎದುರಿಗೆ ಬಂದು ನಿಂತಿದ್ದಾರೆ, ಏನು ಹೇಳುತ್ತೀರಿ ಎಂದು ಕಂಪ್ಯೂಟರು ಇಂಗ್ಲಿಷಿನಲ್ಲಿ ಕೇಳಿತು. ನನಗೆ ಬಂದದ್ದನ್ನು ಹೇಳಿದೆ: “ಟೆಲ್, ಸರ್.”

“ದೀದಿ, ಟೆಲ್ ಮತ್ ಬೋಲೋ, ರೂಡ್ ಲಗ್ತಾ ಹೈ. ಪ್ಲೀಸ್ ಬೋಲ್ನಾ ಸೀಖೋ,” ಎಂದಳು ಎಚ್‌ಆರ್ ಹುಡುಗಿ. ಟೆಲ್ ಅನ್ನಬೇಡಿ, ಒರಟಾಗಿ ಕೇಳಿಸುತ್ತದೆ, ಪ್ಲೀಸ್ ಅನ್ನುವುದನ್ನು ಕಲಿಯಿರಿ ಎಂದು. ಹದಿನೈದು ದಿನಕ್ಕೆ ಮತ್ತೆ ಪರೀಕ್ಷೆ. ಅದರಲ್ಲೂ ಫೇಲಾದರೆ ನನ್ನನ್ನು ಬೇಸ್‌ಮೆಂಟಿನ ರೆಕಾರ್ಡ್ ರೂಮಿಗೆ ಹಾಕುತ್ತಾರಂತೆ.

ಮೈಯೆಲ್ಲ ಉರಿಯಿತು. ನಮ್ಮ ಧಾರವಾಡದಲ್ಲಿ ಅಂಗಡಿಯವರಿಂದ ಹಿಡಿದು ಬ್ಯಾಂಕಿನವರ ತನಕ ಎಲ್ಲರೂ “ಹೇಳ್ರಿ” ಎಂದೇ ಮಾತು ಶುರು ಮಾಡುತ್ತಾರೆ. ಆ ‘ರಿ’ಯಲ್ಲೇ ಮರ್ಯಾದೆಯೆಲ್ಲ ಇದೆ. ಇಲ್ಲಿಗೆ ಬಂದ ಹೊಸತರಲ್ಲಿ ಕುರ್ಲಾದ ಚಾಳಿನ ನಲ್ಲಿಯ ಮುಂದೆ ಮಾತು ಬಾರದೆ ನಿಂತಿರುತ್ತಿದ್ದ ನನಗೆ ಭಾಷೆ ಕಲಿಸಿದ್ದೇ ಈ ಕೌಂಟರ್. ಹಿಂದಿಯವರಿಗೆ “ಬೋಲಿಯೇ”, ಮರಾಠಿ ಅಜ್ಜಂದಿರಿಗೆ “ಬೋಲಾ ಆಜೋಬಾ”, ಅಂದರೆ ಹೇಳಿ ಅಜ್ಜಾ ಎಂದು. ಇಷ್ಟು ವರ್ಷ ಯಾರೂ ಮುಖ ಗಂಟಿಕ್ಕಲಿಲ್ಲ. ಈ ಭಾಷೆಗಳಲ್ಲೆಲ್ಲ ಕ್ರಿಯಾಪದದ ಬಾಲಕ್ಕೆ ಗೌರವ ಅಂಟಿಕೊಂಡಿರುತ್ತದೆ. ಇಂಗ್ಲಿಷಿನ ‘ಟೆಲ್’ಗೆ ಬಾಲವೇ ಇಲ್ಲ. ಅದು ನನ್ನ ತಪ್ಪೇ? ಜ್ವರದ ಮಗುವನ್ನು ಎತ್ತಿಕೊಂಡು ಓಡಿಬಂದವಳಿಗೆ ಪ್ಲೀಸ್ ಬೇಕೋ, ಚೀಟಿ ಬೇಕೋ? ಪ್ರಶ್ನೆ ಬರೆದ ಮಹಾನುಭಾವರು ಒಂದು ಸೋಮವಾರ ನನ್ನ ಕುರ್ಚಿಯಲ್ಲಿ ಕೂತು ನೋಡಲಿ.

ಆದರೂ ಕಲಿತೆ. ಈ ಊರಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರು ಇರುವುದು ಆ ಕೌಂಟರಿನ ಎದುರಿಗೆ ಮಾತ್ರ. ಅದನ್ನು ಹೇಗೆ ಬಿಡಲಿ? ಲೋಕಲ್ ರೈಲಿನಲ್ಲಿ, ಒಲೆಯ ಮುಂದೆ, ಹಲ್ಲು ಕಚ್ಚಿಕೊಂಡು ಪ್ಲೀಸ್ ಪ್ಲೀಸ್ ಎಂದೆ. ಗಂಡನಿಗೂ ಪ್ಲೀಸ್ ಹೇಳಿಯೇ ರೊಟ್ಟಿ ಬಡಿಸಿದೆ. ಅವರು ಗಾಬರಿಯಾಗಿ ಏನು ತಪ್ಪಾಯಿತೆಂದು ಕೇಳಿದರು.

ಎರಡನೆಯ ಸಲ ವಿನಯಕ್ಕೆ ಹತ್ತಕ್ಕೆ ಒಂಬತ್ತು ಬಂತು. ಕುರ್ಚಿ ಉಳಿಯಿತು. ಖುಷಿಯಾಗುವ ಬದಲು ಸಿಟ್ಟೇ ಬಂತು. ಹದಿನೈದು ದಿನದಲ್ಲಿ ನಾನೇನು ಒಳ್ಳೆಯವಳಾಗಿಬಿಟ್ಟಿದ್ದೆನೇ?

ಆ ಸಂಜೆ ಸುದ್ದಿ ಹೇಳಲು ಸ್ಟೇಷನ್ನಿನಿಂದಲೇ ಧಾರವಾಡಕ್ಕೆ, ಅವ್ವನಿಗೆ ಫೋನ್ ಮಾಡಿದೆ. ರೈಲಿನ ಗದ್ದಲದಲ್ಲಿ ಅವಳ ಮಾತು ಕೇಳಿಸಲಿಲ್ಲ.

“ಅವ್ವಾ, ಪ್ಲೀಸ್, ಸ್ವಲ್ಪ ಜೋರಲೇ ಮಾತಾಡು,” ಎಂದೆ.

ಅವ್ವ ದನಿ ಏರಿಸಿ ಕೇಳಿದಳು: “ಯಾಕವಾ, ನನಗ ಪ್ಲೀಸ್ ಅನ್ನಾಕತ್ತಿ? ನಾ ಯಾವಾಗ ಹೊರಗಿನಾಕಿ ಆದ್ನಿ?”

ಉತ್ತರ ಕೊಡಲು ಬಾಯಿ ತೆರೆದೆ. ಬಂದದ್ದು “ಸಾರಿ.”