ಉದ್ದ ಕೈಯವಳ ಮಾರು

ಹೂವಿನಹಡಗಲಿ ಬಸ್‌ಸ್ಟ್ಯಾಂಡಿನ ಎದುರು ನನ್ನದೊಂದು ಹೂವಿನ ಅಂಗಡಿ. ಮಲ್ಲಿಗೆ ಕಟ್ಟಿ ಮಾರಲು ಇಬ್ಬರು ಹೆಂಗಸರಿದ್ದಾರೆ, ಒಬ್ಬಳು ಎತ್ತರದವಳು, ಇನ್ನೊಬ್ಬಳು ಗಿಡ್ಡಿ. ನಮ್ಮಲ್ಲಿ ಹೂವು ಅಳೆಯುವುದು ಮಾರಿನಲ್ಲಿ, ಅಂದರೆ ಎರಡೂ ಕೈ ಅಗಲಕ್ಕೆ ಚಾಚಿದಷ್ಟು ಉದ್ದ. ಎತ್ತರದವಳು ಕೈ ಚಾಚಿದರೆ ಪಕ್ಕದ ಬಾಳೆಹಣ್ಣಿನ ಗಾಡಿಯವನು ತಲೆ ತಗ್ಗಿಸಬೇಕು. ಗಿರಾಕಿಗಳೆಲ್ಲ ಅವಳ ಮುಂದೆಯೇ. ಕೊಟ್ಟೂರಿನ ಬಸ್ಸು ಹಾರ್ನ್ ಹೊಡೆಯುತ್ತಿದ್ದರೂ, "ಆ ಅಕ್ಕನ ಕೈಯಾಗ ಒಂದು ಮಾರು ಕೊಡಸ್ರಿ" ಎಂದು ಕಾಯುವವರಿದ್ದರು.

ಗಿಡ್ಡಿ ಮುಖ ಊದಿಸಿಕೊಳ್ಳುತ್ತಿದ್ದಳು. "ನಾನೇನು ಇಲ್ಲಿ ನೊಣ ಹೊಡಿಯಾಕ ಕುಂತೀನೇನ್ರಿ?"

ಅದೇ ಹೊತ್ತಿಗೆ ಹರಪನಹಳ್ಳಿಯಲ್ಲಿ ಸಣ್ಣ ವ್ಯಾಪಾರಿಗಳಿಗೆ ಒಂದು ದಿನದ ತರಬೇತಿ ನಡೆಯಿತು, ಕೆಲಸದವರಲ್ಲಿ ಹುರುಪು ತುಂಬುವುದು ಹೇಗೆ ಅಂತ. ನಾನೂ ಹೋಗಿದ್ದೆ. ಎಲ್ಲರನ್ನೂ ಸಮನಾಗಿ ನೋಡಿ, ತಾವಾಗಿಯೇ ದುಡಿಯುತ್ತಾರೆ ಎಂದರು ಅಲ್ಲಿ. ನನ್ನ ತಲೆಗೆ ಏನಾದರೂ ಹೊಕ್ಕರೆ ಮುಗಿಯಿತು. ಮರುದಿನವೇ ನನ್ನ ಕೈಯನ್ನೇ ಚಾಚಿ ಅಳತೆ ಹಿಡಿದು, ಅಂಗಡಿಯ ಹಲಗೆಗೆ ಎರಡು ಮೊಳೆ ಬಡಿದೆ.

"ಇನ್ನ ಮ್ಯಾಲೆ ಈ ಮೊಳಿಯಿಂದ ಆ ಮೊಳಿಗೆ ಒಂದು ಮಾರು. ಇಬ್ರಿಗೂ ಅಷ್ಟ."

ಎತ್ತರದವಳಿಗೆ ದಿನವಿಡೀ ಕೈ ಚಾಚುವ ಕಷ್ಟ ತಪ್ಪಿಸಿದೆನೆಂದು ಒಳಗೊಳಗೇ ಬೀಗಿದ್ದೆ. ಅವಳು ಎರಡು ದಿನ ಮೊಳೆಯಿಂದ ಮೊಳೆಗೆ ಅಳೆದಳು. ಮೂರನೆಯ ದಿನ ಬರಲಿಲ್ಲ, ನಾಲ್ಕನೆಯ ದಿನವೂ ಇಲ್ಲ. ನನಗೆ ಮೊದಲು ಸಿಟ್ಟು ಬಂತು, ಆಮೇಲೆ ಹೆದರಿಕೆ. ಹತ್ತು ವರ್ಷ ಜೊತೆಗಿದ್ದವಳು ಹೀಗೆ ಎದ್ದು ಹೋದರೆ?

ಮನೆಗೇ ಹೋದೆ. ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು.

"ಕೂಲಿ ಕಮ್ಮಿ ಆತೇನವಾ?" ಎಂದೆ.

"ಕೂಲಿ ಮಾತಲ್ರಿ ಅಕ್ಕಾರ" ಎಂದಳು ಮೊರ ಕೆಳಗಿಟ್ಟು. "ಸಣ್ಣಾಕಿ ಇದ್ದಾಗಿಂದ ಈ ಕೈ ನೋಡಿ ಎಲ್ರೂ ನಕ್ಕಾರ. ಕುಪ್ಪಸದ ತೋಳು ಎಂದೂ ಸಾಲಲಿಲ್ಲ. ನೋಡಾಕ ಬಂದ ಗಂಡಿನೋರು ಸೈತ ಆಡ್ಕೊಂಡು ಹೋದ್ರು. ನಿಮ್ಮ ಅಂಗಡ್ಯಾಗ ಅಷ್ಟ ಈ ಕೈಗೆ ಮರ್ಯಾದಿ ಇತ್ತು. ಅದಕ್ಕ ಮೊಳಿ ಹೊಡದ್ರಿ."

ನನಗೆ ಬಹಳ ನಾಚಿಕೆಯಾಯಿತು. ಹತ್ತು ವರ್ಷ ಅವಳ ಕೈಯಿಂದ ಹೂವು ಮಾರಿಸಿದ್ದೆ, ಆ ಕೈಯ ಬಗ್ಗೆ ಒಂದು ಒಳ್ಳೆಯ ಮಾತು ಆಡಿರಲಿಲ್ಲ. "ನಾಳಿ ಬಾರವಾ" ಎಂದಷ್ಟೇ ಹೇಳಿ ಬಂದೆ. ಅವಳು ಮತ್ತೆ ಮೊರ ಕೈಗೆತ್ತಿಕೊಂಡಳು.

ಅಂಗಡಿಗೆ ಬಂದು ಇಕ್ಕಳ ಹಿಡಿದು ಮೊಳೆ ಕೀಳುತ್ತಿದ್ದಾಗ ಗಿಡ್ಡಿ ನೋಡುತ್ತಿದ್ದಳು. ಅವಳು ಕಟ್ಟಿದ ಹೂವನ್ನು ಮೊದಲ ಸಲ ಎತ್ತಿ ನೋಡಿದೆ. ಎಳೆದರೂ ಒಂದು ಮೊಗ್ಗು ಜಾರದಷ್ಟು ಒತ್ತಾದ ಗಂಟು.

"ಇಷ್ಟು ಒತ್ತಾಗಿ ಯಾರು ಕಟ್ತಾರ ನಮ್ಮೂರಾಗ?" ಎಂದೆ.

"ಇವತ್ತು ಕಂಡಂಗಾತು ನಿಮಗ" ಎಂದಳು. ಆದರೂ ಆ ಸಂಜೆ ಹೇಳದೆಯೇ ಇನ್ನೊಂದು ಬುಟ್ಟಿ ಮೊಗ್ಗು ಮುಂದೆಳೆದುಕೊಂಡಳು.

ಮರುದಿನ ಬೆಳಿಗ್ಗೆ ಎತ್ತರದವಳು ಬಂದಳು. ಹಲಗೆಯ ಮೇಲಿನ ತೂತುಗಳನ್ನು ಬೆರಳಲ್ಲಿ ಮುಟ್ಟಿ ನೋಡಿದಳು. ಮೊದಲ ಗಿರಾಕಿ ಬಂದಾಗ ಹಲಗೆಯ ಉದ್ದಕ್ಕೂ ಕೈ ಚಾಚಿದಳು. ಬೆರಳುಗಳು ಎರಡೂ ತೂತು ದಾಟಿ ಗೇಣುಗೇಣು ಆಚೆ ಹೋದವು.

"ಅಕ್ಕಾರ, ನಿಮ್ಮ ಕೈ ಭಾಳ ಗಿಡ್ಡ ಬಿಡ್ರಿ" ಎಂದು ನಕ್ಕಳು.