ಕೆಂಪು ಕಾರಿನ ಕೆಳಗೊಂದು ರಟ್ಟು

ಶಿಗ್ಗಾವಿಯ ಸರ್ವಿಸ್ ರಸ್ತೆಯಲ್ಲಿ ಲಾರಿಗಳು ಇನ್ನೂ ದೀಪ ಆರಿಸಿಲ್ಲ. ತಗಡಿನ ಶೆಡ್ಡಿನ ಮುಂದೆ ಮಾಳಪ್ಪ ಮುಖ ತೊಳೆಯುತ್ತಿದ್ದಾರೆ. ತೊಳೆದ ಮುಖವನ್ನೇ ಮತ್ತೊಮ್ಮೆ ತೊಳೆಯುತ್ತಾರೆ. ಆಮೇಲೆ ನಟ್ಟು ಬಿಚ್ಚುವ ಪಾನಾಗಳನ್ನು ಒರೆಸಿ ಸಾಲಾಗಿ ಜೋಡಿಸುತ್ತಾರೆ. ನಿನ್ನೆ ಸಂಜೆಯೇ ಒರೆಸಿ ಜೋಡಿಸಿದ್ದ ಪಾನಾಗಳವು. ನಿಜಕ್ಕೂ ಮಾಡಬೇಕಾದ ಕೆಲಸ ಒಂದೇ, ಬಗ್ಗಿ ನೋಡುವುದು. ಶೆಡ್ಡಿನಲ್ಲಿ ನಿಂತಿರುವ ಕೆಂಪು ಸ್ಪೋರ್ಟ್ಸ್ ಕಾರಿನ ಕೆಳಗೆ ಒಂದು ರಟ್ಟು ಹಾಸಿಟ್ಟಿದ್ದಾರೆ. ಅದರ ಮೇಲೆ ಎಣ್ಣೆ ಬಿದ್ದಿದೆಯೋ ಇಲ್ಲವೋ ಎಂಬುದರ ಮೇಲೆ ಅವರ ಹೆಸರು ನಿಂತಿದೆ.

"ನೋಡ್ತೇನ್ರಿ. ಚಾ ಕುಡದು ನೋಡ್ತೇನಿ," ಎನ್ನುತ್ತಾರೆ. ಚಹಾ ತರಬೇಕಾದ ಹೆಂಡತಿ ಉಡಚವ್ವ ಇನ್ನೂ ಮನೆಯಿಂದ ಹೊರಟೇ ಇಲ್ಲ.

ಕಾರು ಸವಣೂರಿನ ಶೇಂಗಾ ವ್ಯಾಪಾರಿ ಸಂಜಯ ಸಾವ್ಕಾರರದು. ಎರಡೇ ಸೀಟು, ಮೇಲೆ ಚಾವಣಿಯಿಲ್ಲ, ಮುಂಬೈಯಲ್ಲಿ ಯಾರೋ ಓಡಿಸಿ ಬಿಟ್ಟದ್ದು. ಗಾಳಿಯ ಜೊತೆ ಪಂದ್ಯ ಕಟ್ಟಲು ಹುಟ್ಟಿದ ಈ ಗಾಡಿ ನಮ್ಮ ಸೀಮೆಗೆ ಬಂದು ಮದುವೆ ಮೆರವಣಿಗೆಗೆ ನಿಂತಿದೆ. ಹಾನಗಲ್ಲಿನಿಂದ ರಟ್ಟೀಹಳ್ಳಿಯವರೆಗೆ ಮದುಮಗ ಎನಿಸಿಕೊಂಡವನಿಗೆಲ್ಲ ಇದೇ ಬೇಕು. ಗೊಟಗೋಡಿಯ ರಾಕ್ ಗಾರ್ಡನ್ ಮುಂದೆ ಜೋಡಿಗಳು ಇದಕ್ಕೇ ಒರಗಿ ಫೋಟೊ ತೆಗೆಸಿಕೊಳ್ಳುತ್ತವೆ. ಮೆರವಣಿಗೆಯಲ್ಲಿ ಬ್ಯಾಂಡಿನವರು ನಡೆದಷ್ಟೇ ಇದರ ವೇಗ. ಯಾರೋ ಕುಣಿಯಲು ನಿಂತರೆ ಇದೂ ಉರಿಬಿಸಿಲಲ್ಲಿ ನಿಂತು ಬೇಯಬೇಕು. ಪಾಪ, ಅದರ ಹಣೆಬರಹವೂ ಮಾಳಪ್ಪನವರದೂ ಒಂದೇ ಕೈ ಬರೆದಂತಿದೆ.

ಸೋರುವುದು ಎಂಜಿನ್ನಿನ ಹಿಂದಿನ ಸೀಲ್. ಬಳೆಯಷ್ಟಗಲದ ಒಂದು ರಬ್ಬರ್ ಸುತ್ತು, ಅಷ್ಟೇ. ಆದರೆ ಗೇರ್‌ಬಾಕ್ಸ್ ಇಳಿಸದೆ ಅದು ಕೈಗೆ ಸಿಗುವುದಿಲ್ಲ. ಗಾಡಿ ಎತ್ತುವ ಯಂತ್ರ ಇಲ್ಲಿಲ್ಲ. ನೆಲದಲ್ಲಿ ತೋಡಿದ ಗುಂಡಿಗಿಳಿದು, ಕತ್ತು ಮೇಲೆ ಮಾಡಿ, ಭಾರವನ್ನು ಹೆಗಲಿಗೆ ತಗೊಂಡು ಬಿಚ್ಚಬೇಕು. ಬಿಚ್ಚಿ ಹೊಸ ಸೀಲ್ ಕೂರಿಸಿ ಕಳಿಸಿದರೆ ಎರಡು ಮೆರವಣಿಗೆ ಮುಗಿಯುವಷ್ಟರಲ್ಲಿ ಗಾಡಿ ತಿರುಗಿ ಬರುತ್ತದೆ. ಮತ್ತೆ ಗುಂಡಿ, ಮತ್ತೆ ಕತ್ತು. "ಎಡಗೈ ಎತ್ತಿ ತಲಿ ಬಾಚಾಕ ಬರೂದಿಲ್ರಿ ಈಗ. ಸುಜಾತಾನ ಬಾಚ್ತಾಳ," ಎಂದು ಮಗಳ ಹೆಸರು ಹೇಳಿ ನಗುತ್ತಾರೆ. ಆ ನಗುವಿನಲ್ಲೂ ದಣಿವೇ ಹೆಚ್ಚು.

ಮೊದಲು ಎಲ್ಲರೂ ಎಣ್ಣೆಯ ಮೇಲೆ ಹರಿಹಾಯ್ದರು. ಗಾಡಿಯ ಪುಸ್ತಕದಲ್ಲಿ ಬರೆದ ತೆಳು ಎಣ್ಣೆಯೇ ಆಗಬೇಕು ಎಂಬುದು ಸಾವ್ಕಾರರ ಹಟ. ಮಾಳಪ್ಪನವರದು ಬೇರೆ ಲೆಕ್ಕ. "ಪುಸ್ತಕದಾಗಿಂದು ಓಡೋ ಗಾಡಿ, ನಮ್ಮದು ನಡಿಯೋ ಗಾಡಿರಿ. ಕಾದು ನೀರಾಗೋ ಎಣ್ಣಿ ಯಾಕ, ಸ್ವಲ್ಪ ದಪ್ಪಂದು ಹಾಕೂಣು ಅಂದ್ನಿ." ದಪ್ಪ ಎಣ್ಣೆ ಬಂತು. ಸೋರಿತು. ಮತ್ತೆ ತೆಳುವಾದದ್ದು ಬಂತು, ಅದೂ ಸೋರಿತು. ಸೀಲ್ ತರಿಸುವ ಅಂಗಡಿ ಬದಲಾಯಿತು. ಅಲ್ಲಿಗೆ ಮಾಳಪ್ಪನವರ ಜಂಬವೂ ಇಳಿಯಿತು.

ಒಂದು ಸಂಗತಿ ಮಾತ್ರ ಅವರಿಗೆ ಒಗಟಾಗಿತ್ತು. ಇಷ್ಟು ಸೋರುವ ಗಾಡಿಯಲ್ಲಿ ಎಣ್ಣೆ ಕಡಿಮೆಯಾಗಬೇಕಲ್ಲ? ಎಣ್ಣೆಯ ಮಟ್ಟ ತೋರುವ ಗೇಜಿನ ಕಡ್ಡಿ ಎಳೆದಾಗಲೆಲ್ಲ ಮೇಲಿನ ಗೆರೆಗೆ ಸರಿಯಾಗಿ ಇರುತ್ತಿತ್ತು. "ಸೋರಿದ್ದಕ್ಕ ಮನ್ಯಾಗ ಹಾಕ್ತಿರಬೇಕು ಅಂತ ತಿಳಕೊಂಡ್ನಿ. ಗಾಡಿ ಬಿಚ್ಚೂಕಿಂತ ಮೊದಲ ಮನಿಮಂದೀನ ಕೇಳಲೇ ಅಂತ ನಮ್ಮ ಉಸ್ತಾದ್ ಬಡಕೊಂತಿದ್ರು. ನಾ ಕೇಳಲಿಲ್ಲ." ಉಸ್ತಾದ್ ಎಂದರೆ ಹುಲಗೂರಿನ ಬಂದೇಸಾಬ. ಅಪ್ಪನ ಜೊತೆ ಕಲ್ಲು ಹೊರುತ್ತಿದ್ದ ಮಾಳಪ್ಪನವರನ್ನು ಹುಬ್ಬಳ್ಳಿಯ ಲಾರಿ ಗ್ಯಾರೇಜಿಗೆ ಕರೆದೊಯ್ದು ಕೈಗೆ ಕಸುಬು ಕೊಟ್ಟವರು. ಸಾವ್ಕಾರರ ಮನೆಯಲ್ಲಿ ಕೇಳುವುದಾದರೂ ಹೇಗೆ? ಗಾಡಿ ಶೆಡ್ಡಿಗೆ ಬರುತ್ತದೆ, ಹೋಗುತ್ತದೆ. ಅಲ್ಲಿಯವರೆಗೆ ಮಾಳಪ್ಪ ಆ ಮನೆಯ ಅಂಗಳ ತುಳಿದವರಲ್ಲ.

ಹಿರೇಕೆರೂರಿನ ಮದುವೆಯಲ್ಲಿ ಮರ್ಯಾದೆ ಬೀದಿಗೆ ಬಂತು. ಹೆಣ್ಣಿನ ಮನೆಯ ಮುಂದೆ ಬಾಗಿಲಗಲಕ್ಕೂ ಬಿಡಿಸಿದ್ದ ರಂಗೋಲಿಯ ಮೇಲೆ ಕಾರು ನಿಂತಿತು. ಮದುಮಗ ಇಳಿದ, ಕಾರು ಸರಿಯಿತು, ರಂಗೋಲಿಯ ನಡುವೆ ಕಪ್ಪು ಮಡು. ಹೆಣ್ಣಿನ ಅತ್ತೆಯೊಬ್ಬರು ಅಪಶಕುನವೆಂದು ಬೊಬ್ಬೆ ಹೊಡೆದರು. ಮದುಮಗಳು ಅಳುತ್ತಲೇ ಹಸೆಮಣೆಗೆ ಹೋದಳು. ಆ ಮಡುವಿನ ಫೋಟೊ ಮೊಬೈಲಿನಿಂದ ಮೊಬೈಲಿಗೆ ಹಾರಿ, 'ಮಾಳಪ್ಪನ ಕೈ ಸೋರ್ತೈತಿ' ಎಂಬ ಕುಹಕ ಶಿಗ್ಗಾವಿಗೂ ಬಂತು. ಶೆಡ್ಡಿಗೆ ಬರುತ್ತಿದ್ದ ಟೆಂಪೊದವರು ಮುಂದಿನ ಗ್ಯಾರೇಜು ನೋಡಿಕೊಂಡರು. "ಇನ್ನೊಮ್ಮೆ ಸೋರಿದ್ರ ಮುಗೀತು ಮಾಳಪ್ಪ. ಹುಬ್ಬಳ್ಳಿಗೆ ಒಯ್ತೇನಿ," ಎಂದರು ಸಾವ್ಕಾರರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವರು ಮೆಲ್ಲಗೆ ಹೇಳಿದ್ದೇ ಮಾಳಪ್ಪನವರಿಗೆ ಹೆಚ್ಚು ನೋವಾಯಿತು.

ಮತ್ತೆ ಸೀಲ್ ಹಾಕಿದರು. ಸಾವ್ಕಾರರು ಶೇಂಗಾ ಖರೀದಿಗೆ ಊರೂರು ಅಲೆಯುತ್ತಿದ್ದರಿಂದ, ಗಾಡಿಯನ್ನು ಮನೆಗೆ ಬಿಟ್ಟುಬರುವ ಕೆಲಸವೂ ಮಾಳಪ್ಪನವರ ಪಾಲಿಗೇ ಬಂತು. ಅಂದು ಅಮಾವಾಸ್ಯೆ. ಸವಣೂರಿನ ಆ ಅಂಗಳದಲ್ಲಿ ಕಾರು ನಿಲ್ಲಿಸಿ ಕೀಲಿಕೈ ಕೊಡಲು ನಿಂತಾಗ ಸಾವ್ಕಾರರ ತಾಯಿ ಫಕ್ಕೀರವ್ವ ಹೊರಗೆ ಬಂದರು. ಒಂದು ಕೈಯಲ್ಲಿ ಆರತಿ ತಟ್ಟೆ, ಲಿಂಬೆಹಣ್ಣು, ತೆಂಗಿನಕಾಯಿ. ಇನ್ನೊಂದು ಕೈಯಲ್ಲಿ ತುಂಬಿದ ತಂಬಿಗೆ.

"ಬಾನೆಟ್ ಎತ್ತಪಾ ತಮ್ಮಾ."

ಎತ್ತಿದರು. ಫಕ್ಕೀರವ್ವ ಕುಂಕುಮ ಹಚ್ಚಿ, ಆರತಿ ಬೆಳಗಿ, ಪಳಗಿದ ಕೈಯಲ್ಲಿ ಎಂಜಿನ್ನಿನ ಮುಚ್ಚಳ ತಿರುಗಿಸಿ ತೆಗೆದು ತಂಬಿಗೆಯನ್ನು ಬಗ್ಗಿಸಿದರು. ನೀರಲ್ಲ. ಟ್ರ್ಯಾಕ್ಟರಿಗೆಂದು ತಂದಿಟ್ಟಿದ್ದ ಎಂಜಿನ್ ಎಣ್ಣೆ.

"ಅವ್ವಾರ, ಇದು ಯಾವಾಗಿಂದ್ರಿ?"

"ನಮ್ಮವರು ಇದ್ದಾಗಿಂದ. ಅವರ ಜೀಪ್ ಬಾಳ ಎಣ್ಣಿ ಕುಡೀತಿತ್ತು. ಅಮಾಸಿಗೊಮ್ಮೆ ಅದರ ಹೊಟ್ಟಿ ತುಂಬಸಬೇಕು ಅಂತ ಅವರ ಕೈಲೇನ ಹಾಕ್ತಿದ್ರು. ಅವರು ಹೋದ್ರು, ಜೀಪೂ ಹೋತು. ಅಮಾಸಿ ಹೋಗೂದಿಲ್ಲಲ್ಲ?"

ತೀರಿಹೋದ ಗಂಡ ಬಸವಣ್ಣೆಪ್ಪನವರ ನೆನಪಿಗೆ ಎರೆಯುವ ಎಣ್ಣೆ! ಅದನ್ನು ಬೇಡವೆನ್ನುವುದು ಹೇಗೆ? ಮಾಳಪ್ಪನವರಿಗೆ ಸಿಟ್ಟು ಬಂತು, ನಗು ಬಂತು, ಅಳುವೂ ಬಂತು. ಕೊನೆಗೆ ಸುಳ್ಳೊಂದು ಹೊರಬಿತ್ತು. "ಈ ಗಾಡಿಗೆ ಅಮಾಸಿ ಉಪವಾಸ ಇರ್ತೈತ್ರಿ ಅವ್ವಾರ. ಎಣ್ಣಿ ಹಾಕಬಾರದ್ರಿ."

ಫಕ್ಕೀರವ್ವ ಅಷ್ಟಕ್ಕೆ ಬಗ್ಗುವ ಹೆಂಗಸಲ್ಲ. "ಗಾಡಿಗೂ ಉಪವಾಸ ಐತೇನು? ಖರೇ ಹೇಳು."

ಖರೇ ಹೇಳಬೇಕಾಯಿತು. ಕಡ್ಡಿ ಎಳೆದು ತೋರಿಸಿದರು. ಮೇಲಿನ ಗೆರೆ ಎಣ್ಣೆಯಲ್ಲಿ ಮುಳುಗಿಹೋಗಿತ್ತು. ಜೀಪು ಎಣ್ಣೆ ಸುಡುತ್ತಿತ್ತು, ಇದು ಸುಡುವುದಿಲ್ಲ. "ಹೆಚ್ಚಾತಂದ್ರ ಒಳಗ ಕಡದು ನೊರಿ ಏಳತೈತ್ರಿ. ಆಮ್ಯಾಲ ಸೀಲ್ ಒತ್ತಿಕೊಂಡು ಹೊರಗ ಬರತೈತಿ."

ಮುದುಕಿ ತಂಬಿಗೆಯನ್ನು ಕೆಳಗಿಟ್ಟರು. ಆಮೇಲೆ, "ಹಂಗಾರ ಆ ಹುಡುಗಿ ರಂಗೋಲಿ ಕೆಡಿಸಿದಾಕಿ ನಾನೇನು?" ಎಂದರು. ಫಕ್ಕೀರವ್ವ ಅಲ್ಲೇ ಮಗನಿಗೆ ಫೋನ್ ಹಚ್ಚಿ, "ಸಂಜಯಾ, ತಪ್ಪು ಮಾಳಪ್ಪಂದಲ್ಲ, ನಂದು," ಎಂದರು. ಆಳುಗಳಿಗೂ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದರು.

ಅಲ್ಲಿಗೆ ಮಾಳಪ್ಪ ನಿರಾಳವಾಗಬೇಕಿತ್ತು. ಆಗಲಿಲ್ಲ. ಗಾಡಿಯನ್ನು ಶೆಡ್ಡಿಗೆ ವಾಪಸ್ ತಂದು, ಬೆರಕೆಯಾದ ಎಣ್ಣೆಯನ್ನೆಲ್ಲ ಇಳಿಸಿ, ಹೊಸದು ತುಂಬಿ, ನಿನ್ನೆ ಗೊಟಗೋಡಿಯವರೆಗೆ ಹೋಗಿ ಬಂದಿದ್ದಾರೆ. ಬ್ಯಾಂಡ್ ಇಲ್ಲದ ಮೆರವಣಿಗೆ. ಹಿಂದಿನ ಬಸ್ಸಿನವರು ಬಾಯಿಗೆ ಬಂದಂತೆ ಬೈದರೂ ಅದೇ ನಡಿಗೆ. ಇವತ್ತು ಮಧ್ಯಾಹ್ನ ಹಾನಗಲ್ಲಿನಲ್ಲಿ ಮದುವೆಯಿದೆ. "ಇವತ್ತ ಸೋರಿದ್ರ ಏನಂತಾರ ಹೇಳ್ರಿ? ಮುದುಕಿ ಮ್ಯಾಲ ಹಾಕಿ ಜಾರಿಕೊಂಡ ಅಂತಾರ. ಅದು ನನ್ನ ಹೆಸರ ಅಷ್ಟ ಅಲ್ರಿ, ಆ ತಾಯಿ ಮಾತೂ ಹೋಗ್ತೈತಿ. ಅಷ್ಟಕ್ಕೂ ನನಗರ ಏನ್ ಗ್ಯಾರಂಟಿ? ಸೀಲ್ ಹಾಕಿ ಹಾಕಿ, ನನ್ನ ಕೈ ಮ್ಯಾಲ ನನಗ ನಂಬಿಕಿ ಹೋಗೇತಿ."

ಉಡಚವ್ವ ಚಹಾ ತಂದಿದ್ದಾರೆ. ಕುಡಿದದ್ದಾಯಿತು. ಮಾಳಪ್ಪ ಎದ್ದು ಹೋಗಿ ಮತ್ತೆ ಮುಖಕ್ಕೆ ನೀರು ಎರಚಿಕೊಳ್ಳುತ್ತಾರೆ, ಒರೆಸಿಕೊಳ್ಳದೆ ಬಂದು ಮೊಣಕಾಲೂರಿ ಕಾರಿನ ಕೆಳಗೆ ತಲೆ ಹಾಕುತ್ತಾರೆ.

"ಏನಾತು?" ಎಂದು ಉಡಚವ್ವ ಕೇಳುತ್ತಾರೆ.

"ಹನಿ ಐತಿ."

ಬೆರಳಿಗೆ ಹಚ್ಚಿಕೊಂಡು ಉಜ್ಜುತ್ತಾರೆ, ಮೂಸುತ್ತಾರೆ. ಅಷ್ಟರಲ್ಲಿ ಗಲ್ಲದಿಂದ ಇನ್ನೊಂದು ಹನಿ ರಟ್ಟಿನ ಮೇಲೆ ಬೀಳುತ್ತದೆ. ಎರಡೂ ಅವರದೇ ಮುಖದ ನೀರು. ರಟ್ಟನ್ನು ಹೊರಗೆಳೆದು ಬೆಳಕಿಗೆ ಹಿಡಿಯುತ್ತಾರೆ. ಆ ಎರಡು ಹನಿ ಬಿಟ್ಟರೆ ಉಳಿದದ್ದೆಲ್ಲ ಒಣ ರಟ್ಟು.

ಕುಣಿಯುವುದಿಲ್ಲ, ಕೂಗುವುದಿಲ್ಲ. ಗೋಡೆಗೆ ಒರಗಿ ಕೂರುತ್ತಾರೆ, ಅಷ್ಟೇ. ನಿಮಗೇನು ಆಸೆ ಎಂದು ಕೇಳಿದರೆ, "ಹಾನಗಲ್ಲ ಮೆರವಣಿಗಿ ಮುಗೀಲಿ. ಒಂದಿನ ಮಧ್ಯಾಹ್ನ ಫೋನ್ ಬಂದ್ ಮಾಡಿ ಮಲಗಬೇಕ್ರಿ," ಎನ್ನುತ್ತಾರೆ. ಉಡಚವ್ವ ಚಹಾದ ಲೋಟ ಎತ್ತಿಕೊಂಡು, ಒಲೆಗಾದೀತೆಂದು ರಟ್ಟಿಗೂ ಕೈ ಹಾಕುತ್ತಾರೆ.

ಮಾಳಪ್ಪ ಅದನ್ನು ಬಿಡುವುದಿಲ್ಲ. "ಒಲಿಗೆ ಬ್ಯಾಡ. ಇಲ್ಲೇ ಇರ್ಲಿ. ಇದರ ಮ್ಯಾಲ ಮಲಗ್ತೇನಿ."