ಮಷೀನಿನ ಪುಸ್ತಕ ಓದಿಸಿಕೊಂಡವಳು

ಮಷೀನು ಕೆಟ್ಟಿದ್ದು ಓನರಮ್ಮನಿಂದ. ನನ್ನಿಂದಲ್ಲ. ಈ ಮಾತನ್ನು ಆಕೆಯ ಬಾಯಿಂದಲೇ, ನಾಲ್ಕು ಜನರ ಎದುರಿಗೇ ಹೇಳಿಸಬೇಕು ಅಂತ ಇಷ್ಟು ವರ್ಷ ಕಾದೆ.

ಮೊನ್ನೆ ರಾಮಮೂರ್ತಿ ನಗರದ ನಮ್ಮ ಮನೆಗೆ ಮಗಳು ಹೊಸ ವಾಷಿಂಗ್ ಮಷೀನು ತರಿಸಿದಳು. ಡಬ್ಬ ಬಿಚ್ಚಿದ ಕೂಡಲೇ ಥರ್ಮೊಕೋಲಿನ, ಹೊಸ ರಬ್ಬರಿನ ವಾಸನೆ ಮನೆ ತುಂಬಿತು. ನಾನು ಡಬ್ಬದೊಳಗೆ ಕೈ ಹಾಕಿ ಪುಸ್ತಕಕ್ಕಾಗಿ ತಡಕಾಡಿದೆ. ಪುಸ್ತಕವೇ ಇರಲಿಲ್ಲ. ಕಪ್ಪು ಚುಕ್ಕೆಗಳ ಚೌಕವಿದ್ದ ಒಂದು ಚೀಟಿ ಮಾತ್ರ ಸಿಕ್ಕಿತು.

"ಅದನ್ನ ಫೋನಲ್ಲಿ ನೋಡ್ಕೋಬೇಕವ್ವಾ" ಅಂದಳು ಮಗಳು.

ಫೋನಿನಲ್ಲಿ ನೋಡಿಕೊಂಡರೆ ನಗು ಬರುವುದು ಹೇಗೆ? ಅದನ್ನು ಗಟ್ಟಿಯಾಗಿ ಓದಬೇಕು. ಕೇಳಲು ಎದುರಿಗೆ ಒಬ್ಬರು ಕೂತಿರಬೇಕು...

ಹಿಂದೆ ನಾವು ಜೀವನ್ ಬಿಮಾ ನಗರದಲ್ಲಿ ಬಾಡಿಗೆಗೆ ಇದ್ದೆವು. ಓನರಮ್ಮ ಕೆಳಗೆ, ಮಧ್ಯದಲ್ಲಿ ಒಬ್ಬರು ಟೀಚರ್, ಮಹಡಿಯ ಮೇಲಿನ ಕೋಣೆಯಲ್ಲಿ ನಾನು ಮತ್ತು ಮಗಳು. ನಮ್ಮದು ರಾಯಚೂರು ಕಡೆ. ಶಾಲೆಯಲ್ಲಿ ನಾನು ಅಕ್ಷರ ಕೂಡಿಸುವಷ್ಟು ಕಲಿತು ಬಿಟ್ಟವಳು. ಓನರಮ್ಮನಿಗೆ ಓದು ಚೆನ್ನಾಗಿಯೇ ಬರುತ್ತಿತ್ತು, ಆದರೆ ಕಣ್ಣಿಗೆ ಪೊರೆ ಬಂದು ಸಣ್ಣ ಅಕ್ಷರ ಕಾಣುತ್ತಿರಲಿಲ್ಲ. ಆಕೆ ಮಷೀನು ಕೊಂಡು ತಾರಸಿಯ ಶೀಟಿನ ಕೆಳಗೆ ಇರಿಸಿದಾಗ ನಮ್ಮಿಬ್ಬರ ನಡುವೆ ಒಂದು ಒಪ್ಪಂದವಾಯಿತು. ನಾನು ಪುಸ್ತಕ ಓದಿ ಹೇಳಬೇಕು, ಅದಕ್ಕೆ ಬದಲಾಗಿ ನನ್ನ ಬಟ್ಟೆಯನ್ನೂ ಅದರಲ್ಲೇ ಹಾಕಿಕೊಳ್ಳಬಹುದು.

ಆ ಪುಸ್ತಕದ ಕನ್ನಡವನ್ನು ಯಾವ ಮಹಾನುಭಾವ ಬರೆದನೋ. ನಾನು ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದುತ್ತಿದ್ದೆ. ಹಾಗೆ ನಿಧಾನಕ್ಕೆ ಬಂದಷ್ಟೂ ನಗು ಜೋರಾಗುತ್ತಿತ್ತು. 'ಮೈಮೇಲೆ ಧರಿಸಿರುವ ಬಟ್ಟೆಯನ್ನು ಯಂತ್ರದಲ್ಲಿ ಒಗೆಯಬೇಡಿ.' 'ಯಂತ್ರದ ಮೇಲೆ ಮಲಗಬೇಡಿ.' 'ಯಂತ್ರವು ನೃತ್ಯ ಮಾಡಿದಲ್ಲಿ ಗಾಬರಿಯಾಗದೆ ಅದರ ಕಾಲುಗಳನ್ನು ಸಮ ಮಾಡಿ.'

"ಏನ್ರೀ ಓನರಮ್ಮಾ, ಇದು ಕುಣೀತೈತಂತ!"

"ಅಯ್ಯೋ, ನಮ್ಮೆಜಮಾನ್ರು ಒಂದ್ ದಿನನೂ ಕುಣೀಲಿಲ್ಲ. ಇದಾದ್ರೂ ಕುಣೀಲಿ ಬಿಡಿ. ಮುಂದಕ್ಕೆ ಓದ್ರೀ."

"'ಸಮಸ್ಯೆ: ಯಂತ್ರ ಓಡುತ್ತಿಲ್ಲ. ಪರಿಹಾರ: ಯಂತ್ರವನ್ನು ಓಡಿಸಿ.'"

ಆಕೆ ಹೊಟ್ಟೆ ಹಿಡಿದುಕೊಂಡು ತಾರಸಿಯ ನೆಲದ ಮೇಲೆಯೇ ಕೂತುಬಿಡುತ್ತಿದ್ದಳು. ಓದಿದ್ದನ್ನೇ ಮತ್ತೆ ಓದಿಸುತ್ತಿದ್ದಳು. ಒಗೆಯಲು ಬಟ್ಟೆ ಇಲ್ಲದ ದಿನವೂ "ಬನ್ನಿ ಅಜ್ಜಿ, ಪಾರಾಯಣ ಮಾಡೋಣ" ಅಂತ ಕೆಳಗಿನಿಂದ ಕೂಗುತ್ತಿದ್ದಳು.

ಆಮೇಲೆ ಆಯುಧಪೂಜೆ ಬಂತು. ಓನರಮ್ಮ ಮಿಕ್ಸಿಗೆ, ಸ್ಕೂಟರಿಗೆ ಪೂಜೆ ಮಾಡಿ ಮಷೀನಿಗೂ ಬಂದಳು. ಹೊರಗೆ ಕುಂಕುಮ ಇಟ್ಟಳು, ಹೂವು ಏರಿಸಿದಳು. ಅಷ್ಟಕ್ಕೇ ನಿಲ್ಲಬಾರದೇ? ಮುಚ್ಚಳ ತೆಗೆದು, "ಹೊಟ್ಟೆಗೂ ಬೀಳ್ಲಿ, ಅದೇ ತಾನೆ ದುಡಿಯೋದು" ಅಂತ ಬೊಗಸೆ ತುಂಬ ಅಕ್ಷತೆ ಒಳಗೆ ಸುರಿದಳು. ನಾನು ಪಕ್ಕದಲ್ಲೇ ಊದುಬತ್ತಿ ಹಿಡಿದು ನಿಂತಿದ್ದೆ. ಪುಸ್ತಕದಲ್ಲಿ ಬೆಕ್ಕು ಹಾಕಬೇಡಿ, ನಾಣ್ಯ ಹಾಕಬೇಡಿ ಅಂತ ಇತ್ತು. ಅಕ್ಷತೆಯ ಮಾತು ಇರಲಿಲ್ಲ.

ಹಬ್ಬ ಮುಗಿದು ಬಟ್ಟೆ ಹಾಕಿದರೆ ನೀರು ಇಳಿಯಲಿಲ್ಲ. ರಿಪೇರಿಯವನು ಬಂದು ಪೈಪು ಬಿಚ್ಚಿದ. ಉಬ್ಬಿದ ಅಕ್ಕಿ ಗಂಜಿಯ ಹಾಗೆ ನೆಲಕ್ಕೆ ಬಿತ್ತು. ನೋಡಲು ಟೀಚರ್ ಬಂದಿದ್ದರು, ಪಕ್ಕದ ಮನೆಯವರೂ ಬಂದಿದ್ದರು. ಓನರಮ್ಮ ಅಕ್ಕಿ ನೋಡಿದಳು, ಜನರನ್ನು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಊರಿಂದ ತಂದ ಅಕ್ಕಿ ಚೀಲ ಒಗೆಯೋಕೆ ಅಂತ ಇದಕ್ಕೆ ಹಾಕ್ಬಿಟ್ಟಿದಾರೆ. ಹಳ್ಳಿಯವರಿಗೆ ಮಷೀನ್ ಕೊಟ್ರೆ ಇದೇ ಕತೆ."

"ನಾವು ಜ್ವಾಳದ ರೊಟ್ಟಿ ತಿನ್ನೋರ್ರೀ" ಅಂದೆ. "ಅಕ್ಕಿ ಚೀಲ ನಮ್ಮ ಮನ್ಯಾಗ ಎಲ್ಲಿಂದ ಬರಬೇಕು? ಅರಿಶಿನ ಹಚ್ಚಿದ ಅಕ್ಕೀನ ಚೀಲದಾಗ ಯಾರು ತುಂಬಿಡ್ತಾರ?"

ಅಕ್ಕಿ ಹಳದಿಯಾಗಿಯೇ ಇತ್ತು. ಎಲ್ಲರಿಗೂ ಕಂಡಿತು. ಟೀಚರಿಗೂ ಕಂಡಿತು. ಓನರಮ್ಮನ ಮನೆಯಲ್ಲಿ ಬಾಡಿಗೆಗಿದ್ದವರು, ಬಾಯಿ ಬಿಡಲಿಲ್ಲ. ಆವತ್ತಿನಿಂದ ಆ ಬೀದಿಯಲ್ಲಿ ನಾನು ಮಷೀನು ಕೆಡಿಸಿದ ಅಜ್ಜಿಯಾದೆ. ಸೊಪ್ಪಿನವಳು ಕೂಡ ಅದನ್ನೇ ಕೇಳಿದಳು.

ನಾನು ಜಗಳ ಆಡಲಿಲ್ಲ. ಪುಸ್ತಕವನ್ನು ನನ್ನ ಟ್ರಂಕಿನೊಳಗೆ ಹಾಕಿ ಬೀಗ ಜಡಿದೆ. ಮಷೀನು ಸರಿಹೋದ ಮೇಲೆ ಆಕೆ ಕಾಣದ ಕಣ್ಣಿನಲ್ಲಿ ಗುಂಡಿಗಳನ್ನು ಸವರುತ್ತಾ ಕೂಗಿದಳು, "ಅಜ್ಜೀ, ಯಾವ ಬಟನ್ ಮೊದ್ಲು ಒತ್ಬೇಕು?"

ನಾನು ಮಹಡಿಯ ಬಾಗಿಲಲ್ಲಿ ನಿಂತು ಹೇಳಿದೆ: "ಅರ್ಹ ವ್ಯಕ್ತಿಯನ್ನು ಸಂಪರ್ಕಿಸಿ."

ಅಲ್ಲಿಂದ ಮುಂದೆ ಆಕೆಯ ಜೊತೆ ನಾನು ಪುಸ್ತಕದ ಕನ್ನಡ ಬಿಟ್ಟು ಬೇರೆ ಕನ್ನಡ ಆಡಲಿಲ್ಲ. ಮಷೀನು ಕಿರುಚಿದರೆ "ಸದ್ದು ಸಹಜ, ಗಾಬರಿಯಾಗಬೇಡಿ" ಅಂದೆ. ಅರಿಶಿನ ಕುಂಕುಮಕ್ಕೆ ಕರೆದಾಗ, ಕೂತಿದ್ದ ಹೆಂಗಸರೆಲ್ಲ ಕೇಳುವ ಹಾಗೆ, "ತಪ್ಪಾದ ಬಳಕೆಗೆ ನಾವು ಹೊಣೆಯಲ್ಲ" ಅಂತ ಹೇಳಿ ತಿರುಗಿ ಬಂದೆ. ಕಾಲು ಉಳುಕಿದೆ, ಸ್ವಲ್ಪ ಎಣ್ಣೆ ಕೊಡಿ ಅಂತ ಆಕೆ ಕೇಳಿದಾಗ, "ಗಾಬರಿಯಾಗದೆ ಕಾಲುಗಳನ್ನು ಸಮ ಮಾಡಿ" ಅಂದೆ. ಆವತ್ತು ಆಕೆ ಗೋಡೆಯ ಕಡೆ ಮುಖ ತಿರುಗಿಸಿದಳು. ಭುಜ ಕುಲುಕುತ್ತಿತ್ತು. ಅಳುತ್ತಿರಲಿಲ್ಲ, ನಗುತ್ತಿದ್ದಳು. ನನಗೂ ನಗು ಉಕ್ಕಿ ಬಂದಿತ್ತು. ನುಂಗಿಕೊಂಡು ಮೆಟ್ಟಿಲು ಹತ್ತಿದೆ. ಒಂದು ಸಲ ನಕ್ಕಿದ್ದರೆ ಆಕೆ ಗೆದ್ದ ಹಾಗಾಗುತ್ತಿತ್ತು. ತಪ್ಪು ಒಪ್ಪಿಕೊಳ್ಳದೆ ನಗು ಬಿಟ್ಟಿ ಸಿಗುವುದಿಲ್ಲ.

ಆಕೆ ಒಪ್ಪಿಕೊಳ್ಳಲಿಲ್ಲ. ನಾವು ಮನೆ ಬದಲಿಸಿದೆವು. ಹೋಗುವಾಗ ಗೇಟಿನ ಹತ್ತಿರ ನಿಂತಿದ್ದಳು, ಏನೋ ಹೇಳಲು ಬಾಯಿ ತೆರೆದಳು... ಟೆಂಪೋದವನು ಹಾರ್ನ್ ಹೊಡೆದ.

ಮೊನ್ನೆ ಹೊಸ ಮಷೀನು ಬಂದ ಸಂಜೆಯೇ ಟೀಚರ್ ಫೋನ್ ಮಾಡಿದರು. "ಓನರಮ್ಮ ಹೋಗ್ಬಿಟ್ರು ಅಜ್ಜಿ. ನಾಳೆ ವೈಕುಂಠ ಸಮಾರಾಧನೆ, ನಿಮಗೂ ಹೇಳು ಅಂದ್ರು ಅವರ ಸೊಸೆ."

ನನಗೆ ಮೊದಲು ಬಂದದ್ದು ಸಿಟ್ಟು. ಆ ಮಾತು ಹೇಳದೆ ಹೋದಳಲ್ಲ ಅಂತ.

ಮರುದಿನ ಬೆಳಿಗ್ಗೆ ಇಳಕಲ್ ಸೀರೆ ಉಟ್ಟು ಬಸ್ಸು ಹತ್ತಿದೆ. ಎಲ್ಲರಿಗಿಂತ ಮುಂಚೆ ಹೋಗಿ ಮೊದಲ ಪಂಕ್ತಿಯಲ್ಲೇ, ಆಕೆಯ ಫೋಟೋಕ್ಕೆ ಎದುರಾಗಿ ಕೂತೆ. ಪಕ್ಕದಲ್ಲಿ ಟೀಚರ್ ಕೂತರು, ಆ ಬೀದಿಯ ಹಳಬರೂ ಇದ್ದರು. ಎಲೆಗೆ ಒಬ್ಬಟ್ಟು ಬಿದ್ದ ಮೇಲೆ ನಾನು ಗಟ್ಟಿಯಾಗಿ ಹೇಳಿದೆ, "ಎಲ್ಲಾರೂ ಕೇಳ್ರಿ. ಆ ಮಷೀನಿಗೆ ಅಕ್ಕಿ ಹಾಕಿದ್ದು ನಾನಲ್ಲ. ಇವರು."

ಪಂಕ್ತಿ ಪೂರ್ತಿ ತಲೆ ಎತ್ತಿ ನೋಡಿತು.

"ಯಾವ ಮಷೀನು ಅಜ್ಜಿ?" ಅಂದರು ಟೀಚರ್. ನಾಟಕವಾಡಿ ಕೇಳಿದ್ದಲ್ಲ. ನಿಜವಾಗಿಯೂ ಅವರಿಗೆ ನೆನಪಿರಲಿಲ್ಲ. ಯಾರಿಗೂ ಇರಲಿಲ್ಲ. ಮತ್ತೆ ಎಲ್ಲರೂ ಎಲೆಗೆ ಬಗ್ಗಿದರು.

ಯಾವ ಮಷೀನು ಅಂತ ಹೇಳಬಲ್ಲವಳು ಒಬ್ಬಳೇ ಇದ್ದಳು. ಅವಳು ಹಾರ ಹಾಕಿಸಿಕೊಂಡು ಎದುರಿಗೆ ಕೂತಿದ್ದಳು. ನಾನು ಅವಳನ್ನು ನೋಡುತ್ತಾ ಒಬ್ಬಟ್ಟು ತಿಂದೆ. ಬಡಿಸುವವನು ಮತ್ತೆ ಬಂದಾಗ ಇನ್ನೊಂದು ಹಾಕಿಸಿಕೊಂಡೆ.